ತೋಟಾಕ್ಕೆ ಎರಡು ಅಂಕ

"1857ರ ದಂಗೆಗೆ ತಕ್ಷಣದ ಕಾರಣವೇನು?" ಎಂಬ ಪ್ರಶ್ನೆಯನ್ನು ಎದುರಿಸದೆ ಹೈಸ್ಕೂಲು ದಾಟಿದವರು ನಿಮ್ಮಲ್ಲಿ ಒಬ್ಬರೂ ಇರಲಾರರು. ಉತ್ತರವೂ ಎಲ್ಲರಿಗೂ ಕಂಠಪಾಠ: "ಹಸು ಮತ್ತು ಹಂದಿಯ ಕೊಬ್ಬು ಸವರಿದ ತೋಟಾಗಳು." ಅದಕ್ಕೆ ಎರಡು ಅಂಕ. ಗೈಡುಗಳಲ್ಲಿ ಅಷ್ಟೇ ಇರುತ್ತದೆ, ಮೌಲ್ಯಮಾಪಕರೂ ಅಷ್ಟನ್ನೇ ಹುಡುಕುತ್ತಾರೆ.

ಈ ಉತ್ತರ ಸುಳ್ಳೆಂದು ನಾನು ವಾದಿಸುವುದಿಲ್ಲ. ಅದು ಅರ್ಧ ಉತ್ತರ, ಮತ್ತು ಅರ್ಧವಾಗಿರುವುದರಿಂದಲೇ ಹಾನಿಕರ. ಇದನ್ನು ಕಲಿತ ಮಕ್ಕಳು ಬೆಳೆದು ಎರಡು ಗುಂಪಾಗುತ್ತಾರೆ. ಒಂದು ಗುಂಪು, "ಜಾತಿ ಕೆಡಿಸಲೆಂದೇ ಬಿಳಿಯರು ಹೂಡಿದ ಸಂಚು" ಎನ್ನುತ್ತದೆ. ಇನ್ನೊಂದು ಗುಂಪು, "ಒಂದು ಚೂರು ಕೊಬ್ಬಿಗಾಗಿ ಸಾಮ್ರಾಜ್ಯವನ್ನೇ ಎದುರು ಹಾಕಿಕೊಂಡ ಮೂಢರು" ಎಂದು ನಗುತ್ತದೆ. ಎರಡೂ ಗುಂಪಿನವರು ಮಾಡದ ಕೆಲಸ ಒಂದೇ: ಆ ತೋಟಾವನ್ನು ಬಿಚ್ಚಿ ನೋಡುವುದು. ನಾವೀಗ ಬಿಚ್ಚಿ ನೋಡೋಣ.

ಅಂದಿನ ತೋಟಾ ಇಂದಿನಂತೆ ಹಿತ್ತಾಳೆಯದಲ್ಲ. ಕಾಗದವನ್ನು ಕಡ್ಡಿಗೆ ಸುತ್ತಿ, ಒಂದು ತುದಿಗೆ ಸೀಸದ ಗುಂಡನ್ನಿಟ್ಟು, ಮೇಲೆ ಕರಿಮದ್ದನ್ನು ಸುರಿದು, ಇನ್ನೊಂದು ತುದಿಯನ್ನು ತಿರುಚಿ ಮುಚ್ಚಿದ ಪೊಟ್ಟಣ. ಎನ್‌ಫೀಲ್ಡ್ ರೈಫಲಿನ ತೋಟಾದಲ್ಲಿ ಸುಮಾರು ನಾಲ್ಕೂವರೆ ಗ್ರಾಂ ಮದ್ದು, 34 ಗ್ರಾಂ ತೂಕದ ಗುಂಡು. ಸಿಪಾಯಿ ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು, ಮದ್ದನ್ನು ನಳಿಗೆಗೆ ಸುರಿಯಬೇಕು, ತೋಟಾವನ್ನು ತಿರುಗಿಸಿ ಗುಂಡಿನ ತುದಿಯನ್ನು ನಳಿಗೆಯ ಬಾಯಿಗಿಟ್ಟು, ಉಳಿದ ಕಾಗದವನ್ನು ಹರಿದೊಗೆದು, ಕಬ್ಬಿಣದ ಸಲಾಕೆಯಿಂದ ತಳದವರೆಗೆ ತಳ್ಳಬೇಕು.

ಕಚ್ಚುವುದು ಹೊಸತಾಗಿರಲಿಲ್ಲ ಎಂಬುದನ್ನು ಗಮನಿಸಿ. ಹಳೆಯ ಬ್ರೌನ್ ಬೆಸ್ ಕೋವಿಯ ತೋಟಾವನ್ನೂ ಸಿಪಾಯಿಗಳು ದಶಕಗಳಿಂದ ಕಚ್ಚಿಯೇ ಹರಿಯುತ್ತಿದ್ದರು. ಹೊಸತಾಗಿ ಬಂದದ್ದು ಜಿಡ್ಡು. ಅದೇಕೆ ಬಂತು? ಬ್ರೌನ್ ಬೆಸ್ಸಿನ ನಳಿಗೆಯ ಒಳಮೈ ನುಣುಪು. ಒಳವ್ಯಾಸ ಸುಮಾರು 0.75 ಅಂಗುಲ, ಗುಂಡು ಸುಮಾರು 0.69. ಗುಂಡು ಸಡಿಲವಾಗಿ ಜಾರಿ ಇಳಿಯುತ್ತಿತ್ತು. ನೂರು ಗಜದಾಚೆ ಗುರಿಯ ಭರವಸೆಯೂ ಇರಲಿಲ್ಲ. ಎನ್‌ಫೀಲ್ಡಿನ ನಳಿಗೆಯಲ್ಲಿ ಸುರುಳಿ ಗೀರುಗಳಿದ್ದವು, ಒಳವ್ಯಾಸ 0.577, ಗುಂಡು 0.568. ನಡುವಿನ ಅಂತರ ಕಾಲು ಮಿಲಿಮೀಟರಿಗಿಂತಲೂ ಕಡಿಮೆ. ಆ ಜಾಗದಲ್ಲಿ ಕಾಗದವೂ ಇಳಿಯಬೇಕು.

ಇನ್ನು ರಸಾಯನಶಾಸ್ತ್ರ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಕರಿಮದ್ದು ಉರಿದಾಗ ಪೂರ್ತಿ ಅನಿಲವಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಘನಪದಾರ್ಥವಾಗಿ ಉಳಿಯುತ್ತದೆ. ಹೊಗೆಯಾಗಿ ಹಾರಿಹೋದದ್ದು ಬಿಟ್ಟು ಮಿಕ್ಕದ್ದು ನಳಿಗೆಯೊಳಗೆ ಕಿಟ್ಟಗಟ್ಟುತ್ತದೆ. ಕೆಲವು ಸುತ್ತು ಹಾರಿಸಿದ ಮೇಲೆ ಗುಂಡು ಇಳಿಯದೆ ಸಿಕ್ಕಿಕೊಳ್ಳುತ್ತದೆ. ಜಿಡ್ಡು ಆ ಕಿಟ್ಟವನ್ನು ಮೆದುವಾಗಿಡುತ್ತದೆ. ಆದ್ದರಿಂದ ಜಿಡ್ಡು ಅನಿವಾರ್ಯವಾಗಿತ್ತು. ಸಂಚಿನ ವಾದ ಇಲ್ಲಿಗೆ ಬಿದ್ದುಹೋಯಿತು.

ಆದರೆ ಜಿಡ್ಡು ಅನಿವಾರ್ಯವೆಂದರೆ ಕೊಬ್ಬು ಅನಿವಾರ್ಯವೇ? ಜೇನುಮೇಣವಿತ್ತು, ಎಣ್ಣೆಯಿತ್ತು, ತುಪ್ಪವಿತ್ತು. ಇಂಗ್ಲೆಂಡಿನಲ್ಲಿ ಪ್ರಾಣಿಗಳ ಕೊಬ್ಬು ಮತ್ತು ಮೇಣವನ್ನು ಬಳಸುತ್ತಿದ್ದರೆಂದು ಇಲ್ಲಿಯೂ ಅದನ್ನೇ ನಡೆಸಿದರು. ಕೊಬ್ಬು ಪೂರೈಸುವ ಗುತ್ತಿಗೆಯಲ್ಲಿ ಅದು ಯಾವ ಪ್ರಾಣಿಯದಿರಬೇಕೆಂದು ನಮೂದಿಸುವ ಗೋಜಿಗೂ ಹೋಗಲಿಲ್ಲ. ಗೊತ್ತಿಲ್ಲದೆ ಆದದ್ದೇ? ಅಲ್ಲ. ಜಿಡ್ಡಿನ ತೋಟಾಗಳನ್ನು ಇಲ್ಲಿನ ಹವೆಯಲ್ಲಿ ಪರೀಕ್ಷಿಸಲು ತರಿಸಿದ 1853ರಲ್ಲಿಯೇ, ಬಂಗಾಳ ಸೈನ್ಯದ ಅಡ್ಜುಟೆಂಟ್ ಜನರಲ್ ಆಗಿದ್ದ ಕರ್ನಲ್ ಟಕ್ಕರ್ ಸಿಪಾಯಿಗಳ ಭಾವನೆಗೆ ಧಕ್ಕೆಯಾಗದ ಜಿಡ್ಡನ್ನೇ ಬಳಸಬೇಕೆಂದು ಲಿಖಿತವಾಗಿ ಎಚ್ಚರಿಸಿದ್ದರು. ಆ ಕಾಗದ ಕಡತ ಸೇರಿತು. ಒಂದು ಸಾಲಿನ ಆದೇಶದಿಂದ ಮುಗಿಯುತ್ತಿದ್ದ ಕೆಲಸವನ್ನು ಮೂರು ವರ್ಷ ಯಾರೂ ಮಾಡಲಿಲ್ಲ.

1857ರ ಜನವರಿಯಲ್ಲಿ ಡಂಡಂನ ಸಿಪಾಯಿಗಳು ಪ್ರಶ್ನೆಯೆತ್ತಿದ ಮೇಲೆ, "ನಿಮ್ಮ ಜಿಡ್ಡನ್ನು ನೀವೇ ಸವರಿಕೊಳ್ಳಿ" ಎಂಬ ಆದೇಶ ಹೊರಟಿತು. ಮಾರ್ಚಿಯಲ್ಲಿ, ಹಲ್ಲಿನ ಬದಲು ಕೈಯಿಂದ ಹರಿಯಬಹುದೆಂದರು. ಎರಡೂ ಒಳ್ಳೆಯ ಆದೇಶಗಳೇ. ಆದರೆ ತಡವಾಗಿ ಬಂದ ರಿಯಾಯಿತಿ ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ. ಅಷ್ಟರಲ್ಲಿ ಸಂಶಯ ಜಿಡ್ಡನ್ನು ಬಿಟ್ಟು ಹೊಳಪಿನ ಕಾಗದಕ್ಕೂ ಹಬ್ಬಿತ್ತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರ ಮುಂದೆ ಹಿಡಿದದ್ದು ಹಳೆಯ ಮಾದರಿಯ ತೋಟಾಗಳನ್ನೇ. 85 ಮಂದಿ ಮುಟ್ಟಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಹತ್ತು ವರ್ಷಗಳ ಕಠಿಣ ಶಿಕ್ಷೆಯಾಯಿತು. ಮೇ 9ರಂದು ಜೊತೆಗಾರರೆಲ್ಲರ ಕಣ್ಣೆದುರಿಗೇ ಅವರ ಕಾಲಿಗೆ ಬೇಡಿ ಹೊಡೆದರು. ಮರುದಿನ ಮೀರತ್ ಎದ್ದಿತು.

ಈಗ ಹೇಳಿ, ಮೂಢರು ಯಾರು? ಬಾಯಿಗಿಡುವ ವಸ್ತುವಿನಲ್ಲಿ ಏನಿದೆಯೆಂದು ಕೇಳಿದವರೇ, ಉತ್ತರ ಹೇಳಲಾರದ ಕಚೇರಿಯವರೇ? ಇಂದು ಬಿಸ್ಕತ್ತಿನ ಪೊಟ್ಟಣದ ಮೇಲೂ ಸಸ್ಯಾಹಾರದ ಹಸಿರು ಗುರುತನ್ನು ಮುದ್ರಿಸಬೇಕೆಂಬುದು ಕಾನೂನು. ಅದನ್ನು ಹುಡುಕಿ ಕೊಳ್ಳುವ ನಾವು ಸಿಪಾಯಿಗಳನ್ನು ಕಂಡು ನಗುತ್ತೇವೆ! ತಿನ್ನುವವರೂ ತಿನ್ನದವರೂ ನಮ್ಮಲ್ಲಿದ್ದಾರೆ. ತಿಳಿದುಕೊಳ್ಳುವ ಹಕ್ಕು ಇಬ್ಬರಿಗೂ ಇದೆ.

ತೋಟಾ ಒಂದೇ ಕಾರಣವೆಂದು ನಾನು ಹೇಳುತ್ತಿಲ್ಲ. 1856ರಲ್ಲಿ ಅವಧ್ ರಾಜ್ಯವನ್ನು ಕಬಳಿಸಿದ್ದು, ಅದೇ ವರ್ಷ ಹೊಸದಾಗಿ ಸೇರುವವರು ಕಡಲಾಚೆಗೂ ಹೋಗಬೇಕೆಂದು ಕಾನೂನು ಮಾಡಿದ್ದು, ಇವೆಲ್ಲ ಹಿಂದಿದ್ದವು. ನಮ್ಮ ಹಲಗಲಿಯ ಬೇಡರು 1857ರ ಕೊನೆಯಲ್ಲಿ ಎದ್ದು ನಿಂತದ್ದು ಎನ್‌ಫೀಲ್ಡ್ ತೋಟಾದಿಂದಲ್ಲ, ಅವರ ಆಯುಧಗಳನ್ನೇ ಕಸಿಯಹೊರಟ ನಿಶ್ಶಸ್ತ್ರೀಕರಣದ ಕಾನೂನಿನಿಂದ. ನಂಬಿಕೆ ಮೊದಲೇ ಸತ್ತಿದ್ದೆಡೆ ಮಾತ್ರ ಒಂದು ಕಾಗದದ ಪೊಟ್ಟಣ ಕಿಡಿಯಾಗಬಲ್ಲದು.

ನಿಮ್ಮಲ್ಲಿ ಹಲವರು ಈಗ ಮೇಷ್ಟ್ರುಗಳಾಗಿದ್ದೀರಿ, ಕೆಲವರು ಪ್ರಶ್ನೆಪತ್ರಿಕೆಯನ್ನೂ ತೆಗೆಯುತ್ತೀರಿ. ಆ ಹಳೆಯ ಪ್ರಶ್ನೆಯನ್ನು ದಯವಿಟ್ಟು ಕೈಬಿಡಿ. ಬದಲಿಗೆ ಹೀಗೆ ಕೇಳಿ: "ಎನ್‌ಫೀಲ್ಡ್ ತೋಟಾಕ್ಕೆ ಜಿಡ್ಡು ಏಕೆ ಬೇಕಾಗಿತ್ತು? ಬೇರೆ ಜಿಡ್ಡನ್ನು ಬಳಸಲು ಸಾಧ್ಯವಿದ್ದೂ ಏಕೆ ಬಳಸಲಿಲ್ಲ?" ಐದು ಅಂಕ ಕೊಡಿ. ವಿಜ್ಞಾನದ ಮೇಷ್ಟ್ರನ್ನೂ ಆ ಪಾಠಕ್ಕೆ ಕರೆಯಿರಿ. ಗೈಡಿನವರು ಅದಕ್ಕೂ ಒಂದು ಸಿದ್ಧ ಉತ್ತರ ಬರೆಯಬಹುದು. ಬರೆಯಲಿ, ಅದಕ್ಕಾಗಿಯಾದರೂ ಅವರು ಒಮ್ಮೆ ತೋಟಾವನ್ನು ಬಿಚ್ಚಿ ನೋಡಬೇಕಾಗುತ್ತದೆ.