ತಲೆಕೆಳಗಾಗಿ ಕೂತ ಡ್ರಮ್ಮರ್

ರಾಕ್ ಬ್ಯಾಂಡಿನಲ್ಲಿ ಡ್ರಮ್ಮರ್‌ನದು ವಿಚಿತ್ರ ಪಾಡು. ಹಾಡುವವನು ವೇದಿಕೆಯ ಉದ್ದಗಲಕ್ಕೂ ಓಡಾಡುತ್ತಾನೆ, ಗಿಟಾರಿನವನು ಅಂಚಿಗೆ ಬಂದು ಜನರ ಮೇಲೆ ಬಾಗುತ್ತಾನೆ. ಇವನೋ ಎಲ್ಲರ ಹಿಂದೆ, ಸಿಂಬಲ್‌ಗಳ ಬೇಲಿಯೊಳಗೆ, ಸ್ಟೂಲಿಗೆ ಅಂಟಿಕೊಂಡು ಕೂತಿರಬೇಕು. ಹಾಡಿನ ಭಾರವೆಲ್ಲ ಇವನ ಮೇಲೆ, ಮುಖ ಮಾತ್ರ ಯಾರಿಗೂ ನೆಟ್ಟಗೆ ಕಾಣದು. 1967ರಲ್ಲಿ 'ದ ಹೂ' ಬ್ಯಾಂಡಿನ ಕೀತ್ ಮೂನ್ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ತನ್ನ ಬೇಸ್ ಡ್ರಮ್ಮಿನೊಳಗೆ ಮದ್ದು ತುಂಬಿ ಸಿಡಿಸಿದನಲ್ಲ, ಅದು ನನಗೆ "ನಾನೂ ಇಲ್ಲಿದ್ದೇನೆ ಕಣ್ರಯ್ಯಾ" ಎಂಬ ಕೂಗಿನಂತೆ ಕೇಳುತ್ತದೆ.

ಆ ಕೂಗನ್ನು ತೀರಾ ದೂರ ಒಯ್ದವನು ಮೋಟ್ಲಿ ಕ್ರೂ ಬ್ಯಾಂಡಿನ ಟಾಮಿ ಲೀ. 1962ರಲ್ಲಿ ಅಥೆನ್ಸ್‌ನಲ್ಲಿ ಹುಟ್ಟಿದ. ತಾಯಿ ಗ್ರೀಕ್, ತಂದೆ ಅಮೆರಿಕದ ಸೈನಿಕ. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಬ್ಯಾಂಡ್ ಶುರುವಾದದ್ದು 1981ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. 1987ರ ಪ್ರವಾಸದಲ್ಲಿ ಆತನ ಡ್ರಮ್ ಕಿಟ್ ಪಂಜರವೊಂದರಲ್ಲಿ ಮೇಲೇರಿ ಗಿರಗಿರ ತಿರುಗಿತು. ಮುಂದಿನ ಪ್ರವಾಸದಲ್ಲಿ ಜನರ ತಲೆಯ ಮೇಲೆಯೇ ಹಾರಿತು. 2011ರಲ್ಲಿ ದೊಡ್ಡ ಬಳೆಯಂಥ ಹಳಿ ಬಂತು. ರೋಲರ್ ಕೋಸ್ಟರಿನಂತೆ ಪೂರ್ತಿ ಸುತ್ತು ಹೊಡೆಯುತ್ತಾ ಬಾರಿಸಿದ, ಸಾಲದ್ದಕ್ಕೆ ಪ್ರೇಕ್ಷಕರಲ್ಲೊಬ್ಬರನ್ನೂ ಜೊತೆಗೆ ಕೂರಿಸಿಕೊಂಡು!

"ಇದು ಸಂಗೀತವಲ್ಲ, ಸರ್ಕಸ್ಸು" ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಲೆಕೆಳಗಾದಾಗ ಏನಾಗುತ್ತದೆಂದು ಯೋಚಿಸಿ. ನೆಲದ ಮೇಲಿದ್ದಾಗ ಕಾಲಿನ ಭಾರವೇ ಅರ್ಧ ಪೆಡಲ್ ಒತ್ತುತ್ತದೆ. ಮೇಲೆ ಅದೇ ಕಾಲು ಪೆಡಲಿನಿಂದ ಕಳಚಿ ಬೀಳಲು ನೋಡುತ್ತದೆ. ಪ್ರತಿ ಒದೆತವನ್ನೂ ತೊಡೆಯ ಬಲದಿಂದ ಆಕಾಶದತ್ತ ತಳ್ಳಬೇಕು. ಕೋಲು ತಾನಾಗಿ ಬೀಳುವ ಅನುಕೂಲವೂ ಇಲ್ಲ. ಮೈಯೆಲ್ಲ ಪಟ್ಟಿಗಳಿಗೆ ನೇತುಬಿದ್ದಿದೆ, ರಕ್ತ ತಲೆಗಿಳಿಯುತ್ತಿದೆ. ಇಷ್ಟಾದರೂ ಲಯ ಜಗ್ಗಬಾರದು. ಬಾರಿಸಲು ಬಾರದವನಿಗೆ ಇದು ಸರ್ಕಸ್ಸಾಗಿಯೂ ದಕ್ಕುವುದಿಲ್ಲ.

ಅನುವಾದಕಿಯಾಗಿ ನನ್ನದೊಂದು ತಕರಾರು: ಶೋಮನ್‌ಶಿಪ್ ಎಂಬುದಕ್ಕೆ ನನಗೆ ಹೊಳೆಯುವ ಕನ್ನಡ ಪದಗಳಲ್ಲೆಲ್ಲ ಬೈಗುಳದ ವಾಸನೆಯಿದೆ. ಆಡಂಬರ, ತೋರಿಕೆ, ಬಡಿವಾರ. ಬಾರಿಸುವುದನ್ನೂ ಕುಣಿಯುವುದನ್ನೂ ಬೇರ್ಪಡಿಸದೆ ಡೊಳ್ಳು ಕುಣಿತ ಎಂದು ಹೆಸರಿಟ್ಟ ಭಾಷೆಗೆ ಈ ಮುಜುಗರ ಎಲ್ಲಿಂದ ಬಂತೋ!

ಹಳಿಯ ಮೇಲಿನ ಆಟವನ್ನು ಇಷ್ಟು ಮನಸಾರೆ ಹೊಗಳಿದ ಮೇಲೆ, ಹಳಿಯಿಂದ ಇಳಿದ ಮನುಷ್ಯನ ಮಾತು ಬರಬೇಕು. 1998ರಲ್ಲಿ ಹೆಂಡತಿ, ನಟಿ ಪಮೇಲಾ ಆ್ಯಂಡರ್ಸನ್ ಮೇಲೆ ಕೈ ಮಾಡಿದ್ದಕ್ಕೆ ಟಾಮಿ ಲೀಗೆ ಆರು ತಿಂಗಳ ಜೈಲುಶಿಕ್ಷೆಯಾಯಿತು. ಅಭಿಮಾನಿಗಳು ಕಥೆ ಹೇಳುವಾಗ ಇದೂ ಕುಡಿತ, ಮಾದಕವಸ್ತು, ಹೋಟೆಲ್ ಕೋಣೆ ಧ್ವಂಸಗಳ ಪಟ್ಟಿಯಲ್ಲೇ ಒಂದಾಗಿ ಸರಿದುಹೋಗುತ್ತದೆ. ಬ್ಯಾಂಡಿನ ಆತ್ಮಕಥೆ 'ದ ಡರ್ಟ್' 2001ರಲ್ಲಿ ಬಂತು. ಅದನ್ನು ಆಧರಿಸಿದ 2019ರ ಸಿನಿಮಾ ಈ ಘಟನೆಯವರೆಗೆ ಬರುವುದೇ ಇಲ್ಲ. ಎಲ್ಲದಕ್ಕೂ ಒಂದೇ ಮುಚ್ಚಳ: ಬ್ಯಾಡ್ ಬಾಯ್.

ಈ ಎರಡು ಪದಗಳನ್ನು ಕನ್ನಡಕ್ಕೆ ತರುವಾಗ ಕೈ ತಡೆಯುತ್ತದೆ. ತುಂಟ ಎಂದರೆ ಮುದ್ದು ಮಾಡಿದಂತೆ. ಪುಂಡ ಎಂದರೂ ಸಿನಿಮಾ ನಾಯಕನ ಗತ್ತು ಬಂದುಬಿಡುತ್ತದೆ. ಡ್ರಮ್ ಸಿಡಿಸುವುದು, ತಲೆಕೆಳಗಾಗಿ ತಿರುಗುವುದು ನೋಡುವವರಿಗಾಗಿ ಮಾಡಿದ್ದು; ಅವರು ಟಿಕೆಟ್ ಕೊಂಡು, ಒಪ್ಪಿ ಬಂದವರು. ಮನೆಯೊಳಗಿದ್ದ ಹೆಣ್ಣು ಯಾವ ಟಿಕೆಟ್ಟನ್ನೂ ಕೊಂಡಿರಲಿಲ್ಲ. ಎರಡನ್ನೂ ಒಂದೇ ಸ್ವಭಾವದ ಎರಡು ಮುಖಗಳೆಂದು ಬರೆಯುವುದು ಸೋಮಾರಿತನ. ಅದರಿಂದ ಬಾರಿಸುವ ಕಲೆಗೂ ಅವಮಾನ, ಏಟು ತಿಂದವಳಿಗೂ ಅನ್ಯಾಯ.

ಬ್ಯಾಂಡ್ ವಿದಾಯದ ಪ್ರವಾಸವನ್ನು 2015ರ ಡಿಸೆಂಬರ್ 31ರಂದು ಲಾಸ್ ಏಂಜಲೀಸ್‌ನಲ್ಲಿ ಮುಗಿಸಿತು. ಆ ರಾತ್ರಿ ಯಂತ್ರ ಕೈಕೊಟ್ಟು ಟಾಮಿ ಲೀ ಮೇಲೆಯೇ ಸಿಕ್ಕಿಬಿದ್ದ. ಮತ್ತೆಂದೂ ಪ್ರವಾಸ ಮಾಡೆವು ಎಂದು ಕರಾರು ಬರೆದುಕೊಟ್ಟಿದ್ದವರು 2022ರಲ್ಲಿ ಮತ್ತೆ ಹೊರಟರು. ಆ ವೀಡಿಯೊಗಳನ್ನು ನಾನು ಈಗಲೂ ನೋಡುತ್ತೇನೆ, ಕಣ್ಣರಳಿಸಿಯೇ. ಆದರೆ ಆತನ ಬದುಕಿನ ಬಗ್ಗೆ ಅನುವಾದಕ್ಕೇನಾದರೂ ನನ್ನ ಮೇಜಿಗೆ ಬಂದರೆ, 1998ರ ಪುಟದಲ್ಲಿ ನಾನು ಬರೆಯುವ ಪದ ಹಲ್ಲೆ.