ಮೂರು ಎಚ್‌ಪಿ ಸಮ್ಮಟಿಗೆ

ಗಿಂಡಿ ಎಂದರೆ ನಮ್ಮ ಕಡೆ ಕೊಕ್ಕಿರುವ ನೀರಿನ ಪಾತ್ರೆ. ಚೆನ್ನೈಗೆ ಬಂದ ಹೊಸದರಲ್ಲಿ ಸ್ಟೇಷನ್ ಬೋರ್ಡು ನೋಡಿ ನಕ್ಕ ಕನ್ನಡಿಗ ನಾನೊಬ್ಬನೇ ಇರಲಿಕ್ಕಿಲ್ಲ. ಇಲ್ಲಿನ ಗಿಂಡಿಯೊಳಗೆ ಎರಡು ಊರುಗಳಿವೆ. ಒಂದು, ನಾನು ದಿನಾ ಕಾರ್ಡು ತೋರಿಸಿ ಒಳಹೋಗುವ ಗಾಜಿನ ಕಟ್ಟಡಗಳದ್ದು. ಇನ್ನೊಂದು, 1958ರಲ್ಲಿ ಶುರುವಾದ ಕೈಗಾರಿಕಾ ಎಸ್ಟೇಟು. ಲೇತು, ವೆಲ್ಡಿಂಗು, ಎಣ್ಣೆ ವಾಸನೆ. ನಾಲ್ಕು ತಿಂಗಳಿಂದ ನನ್ನ ಶನಿವಾರಗಳೆಲ್ಲ ಆ ಎರಡನೆಯ ಊರಿಗೆ ಹೋಗಿವೆ. ಅಲ್ಲಿನ ಒಂದು ಲೇತ್ ಶೆಡ್ಡಿನ ಮೂಲೆಯಲ್ಲಿ ಕಾದ ಕಬ್ಬಿಣ ಒತ್ತುವ ಹೈಡ್ರಾಲಿಕ್ ಪ್ರೆಸ್ಸೊಂದನ್ನು ಕಟ್ಟುತ್ತಿದ್ದೇವೆ.

ಪ್ರೆಸ್ಸು ನನಗಲ್ಲ, ಮಧುಗಿರಿ ಕಡೆ ಇರುವ ನಮ್ಮ ದೊಡ್ಡಪ್ಪನಿಗೆ. ಮಚ್ಚು, ಕೊಡಲಿ, ಕುಡುಗೋಲು ಬಡಿದೇ ಮನೆ ನಡೆಸಿದವರು. ಕುಲುಮೆ ಕೆಲಸಕ್ಕೆ ಇಬ್ಬರು ಬೇಕು. ಇಕ್ಕಳ ಹಿಡಿದು ಸಣ್ಣ ಸುತ್ತಿಗೆಯಲ್ಲಿ ಜಾಗ ತೋರಿಸುವವನೊಬ್ಬ, ಅಲ್ಲಿಗೆ ಸಮ್ಮಟಿಗೆ ಇಳಿಸುವವನೊಬ್ಬ. ಸಮ್ಮಟಿಗೆಯ ಹುಡುಗ ಬೆಂಗಳೂರಿಗೆ ಹೋಗಿ ಪಾರ್ಸೆಲ್ ಹಂಚುತ್ತಿದ್ದಾನೆ, ಅವನನ್ನು ದೂರುವಂತಿಲ್ಲ. ದೊಡ್ಡಪ್ಪನ ಬಲಭುಜ ಎರಡು ವರ್ಷದಿಂದ ಕಿವಿಗಿಂತ ಮೇಲೆ ಏಳುತ್ತಿಲ್ಲ. ಕುಲುಮೆ ಮುಚ್ಚಿ ಚೆನ್ನೈಗೆ ಬಂದುಬಿಡಿ ಎಂದು ನಾವೆಲ್ಲ ಹೇಳಿ ಆಯಿತು. ‘ಅಲ್ಲಿ ಬಂದು ಏನು ಮಾಡಲಿ, ಬಾಲ್ಕನೀಲಿ ಕೂತ್ಕೊಳ್ಳಲಾ?’ ಎಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಪವರ್ ಹ್ಯಾಮರ್ ಯಾಕಲ್ಲ ಎಂದು ಮೊದಲು ಎಲ್ಲರೂ ಕೇಳುತ್ತಾರೆ. ಅದು ನೆಲವನ್ನೂ ಬಡಿಯುತ್ತದೆ. ಆಳವಾದ ಕಾಂಕ್ರೀಟ್ ಪಾಯ ಬೇಕು, ಪಕ್ಕದ ಮನೆಯ ಗೋಡೆಯೂ ಗಟ್ಟಿ ಇರಬೇಕು. ಪ್ರೆಸ್ಸು ಬಡಿಯುವುದಿಲ್ಲ, ಒತ್ತುತ್ತದೆ. ಒತ್ತಿದ ಬಲ ಚೌಕಟ್ಟಿನೊಳಗೇ ಉಳಿಯುತ್ತದೆ, ನೆಲಕ್ಕೆ ಬೀಳುವುದು ಯಂತ್ರದ ತೂಕ ಮಾತ್ರ. ಜತೆಗೆ ಹಗುರ ಸುತ್ತಿಗೆಯ ಪೆಟ್ಟು ಹೆಚ್ಚಾಗಿ ಮೇಲ್ಮೈಯನ್ನು ಓಡಿಸಿದರೆ, ಪ್ರೆಸ್ಸಿನ ಒತ್ತು ಕಬ್ಬಿಣದ ಹೊಟ್ಟೆಯವರೆಗೂ ಇಳಿಯುತ್ತದೆ.

ಲೆಕ್ಕ ಶಾಲೆಯದ್ದೇ. 100 ಮಿ.ಮೀ. ಒಳವ್ಯಾಸದ ಸಿಲಿಂಡರಿಗೆ 78.5 ಚದರ ಸೆಂ.ಮೀ. ಮುಖ. ಎಣ್ಣೆಯ ಒತ್ತಡ 200 ಕೆ.ಜಿ. ಆದರೆ ಹದಿನೈದೂವರೆ ಟನ್ನಿಗೂ ಮೇಲೆ. ಇಷ್ಟಕ್ಕೇ ಆದರೆ ಲಾರಿಯ ಇಪ್ಪತ್ತು ಟನ್ ಜಾಕ್ ಸಾಕಿತ್ತಲ್ಲ? ಸಾಲದು. ಕುಲುಮೆಯಿಂದ ಹೊರಬಂದ ಪಟ್ಟಿ ಕಿತ್ತಳೆ ಬಣ್ಣದಲ್ಲಿ ಕೆಲವೇ ಸೆಕೆಂಡು ಇರುತ್ತದೆ. ಅದರ ಮೇಲೆ ಪ್ರೆಸ್ಸಿನ ತಣ್ಣಗಿನ ಡೈ ಕೂತ ಕ್ಷಣದಿಂದ ಶಾಖವನ್ನು ಹೀರುತ್ತದೆ. ಜಾಕಿನ ಹಿಡಿ ಹತ್ತು ಸಲ ಒತ್ತುವಷ್ಟರಲ್ಲಿ ಕಬ್ಬಿಣ ಕಪ್ಪಗಾಗಿರುತ್ತದೆ. ಟನ್ನು ಸಿಗುವುದು ಸುಲಭ, ವೇಗವೇ ದುಬಾರಿ.

ವೇಗಕ್ಕೆ ದೊಡ್ಡ ಮೋಟಾರು, ದೊಡ್ಡ ಮೋಟಾರಿಗೆ ತ್ರೀ ಫೇಸು. ಹಳ್ಳಿಯ ಆ ಶೆಡ್ಡಿಗಿರುವುದು ಸಿಂಗಲ್ ಫೇಸು, ಸಂಜೆಯಾದರೆ ವೋಲ್ಟೇಜು ಎಷ್ಟಕ್ಕೆ ಇಳಿಯುತ್ತದೋ ದೇವರಿಗೇ ಗೊತ್ತು. ಹಾಗಾಗಿ 3 ಎಚ್‌ಪಿ ಮೋಟಾರಿಗೆ ಎರಡು ಗೇರ್ ಪಂಪು ಒಂದರ ಬೆನ್ನಿಗೊಂದು ಕೂರಿಸಿದ್ದೇವೆ. ಡೈ ಕಬ್ಬಿಣವನ್ನು ಮುಟ್ಟುವವರೆಗೆ ಎರಡೂ ಸೇರಿ ನಿಮಿಷಕ್ಕೆ 20 ಲೀಟರ್ ಎಣ್ಣೆ ತಳ್ಳುತ್ತವೆ. ಅಂದರೆ ಸೆಕೆಂಡಿಗೆ ಸುಮಾರು 42 ಮಿ.ಮೀ. ಇಳಿಕೆ. ಒತ್ತಡ 40 ದಾಟಿದೊಡನೆ ಒಂದು ವಾಲ್ವು ದೊಡ್ಡ ಪಂಪಿನ ಎಣ್ಣೆಯನ್ನು ಟ್ಯಾಂಕಿಗೇ ವಾಪಸ್ ಕಳಿಸುತ್ತದೆ. ಸಣ್ಣ ಪಂಪು ಒಂದೇ ಉಳಿದು ಸೆಕೆಂಡಿಗೆ ಹನ್ನೆರಡು ಮಿ.ಮೀ.ನಂತೆ ಒತ್ತುತ್ತದೆ. ಪ್ರತಿ ಸಲ ಬೇಕಾದ್ದೇ ಐದಾರು ಮಿಲಿಮೀಟರು. ನಮ್ಮ ಸಾಫ್ಟ್‌ವೇರಿನಲ್ಲಿ ಇಷ್ಟು ಚಂದದ ಲೋಡ್ ಬ್ಯಾಲೆನ್ಸಿಂಗ್ ನಾನು ಕಂಡಿಲ್ಲ.

ಸಿಲಿಂಡರು ಹಳೇ ಜೆಸಿಬಿಯದ್ದು, ಪುದುಪೇಟೆಯಲ್ಲಿ ಸಿಕ್ಕಿತು. ಸೀಲ್ ಹೊಸದು. ಚೌಕಟ್ಟಿಗೆ 200 ಮಿ.ಮೀ. ಐ-ಬೀಮು. ಶೆಡ್ಡಿನ ಅಣ್ಣ ಮೂವತ್ತು ವರ್ಷದ ಟರ್ನರು. ನನ್ನ ಎಂ.ಟೆಕ್. ಡ್ರಾಯಿಂಗನ್ನು ತಲೆಕೆಳಗು ಮಾಡಿ ನೋಡಿ, ‘ತಂಬಿ, ಎಣ್ಣೆ ಪೈಪು ಬೆಂಕಿ ಕಡೆ ಯಾಕೆ?’ ಎಂದರು. ಇಡೀ ಯಂತ್ರದಲ್ಲಿ ನನಗೆ ನಿದ್ದೆ ಕೆಡಿಸುವುದೂ ಅದೇ. 200 ಕೆ.ಜಿ. ಒತ್ತಡದಲ್ಲಿ ಹೋಸಿಗೆ ಸೂಜಿಮೊನೆಯಷ್ಟು ತೂತಾದರೆ ಎಣ್ಣೆ ಮಂಜಾಗಿ ಚಿಮ್ಮುತ್ತದೆ. ಕುಲುಮೆಯ ಎದುರು ಆ ಮಂಜು ಅಂದರೆ ಜ್ವಾಲೆ. ಬೆರಳಿಟ್ಟು ಸೋರಿಕೆ ಹುಡುಕಿದರೆ ಎಣ್ಣೆ ಚರ್ಮ ಸೀಳಿ ಒಳಹೋಗುತ್ತದೆ. ಗಾಯ ಸಾಸಿವೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು, ತಡವಾದರೆ ಬೆರಳೇ ಹೋಗಬಹುದು. ಮನೆಯಲ್ಲಿ ಇಂಥದ್ದು ಕಟ್ಟುವ ಆಸೆಯಿರುವ ಓದುಗರು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಿ. ಟ್ಯಾಂಕು, ಪಂಪು ಎರಡನ್ನೂ ಗೋಡೆಯಾಚೆಗೆ ಸರಿಸಿದೆವು. ಈಚೆ ಉಳಿದ ಹೋಸುಗಳಿಗೆ ತಗಡಿನ ಮರೆ ಕಟ್ಟಿ, ರಿಲೀಫ್ ವಾಲ್ವಿಗೆ ಬೀಗ ಹಾಕಿದ್ದೇವೆ.

ಮಧುಗಿರಿ ಸೀಮೆಗೆ ಉಕ್ಕು ಹೊಸದಲ್ಲ. 1800-01ರಲ್ಲಿ ಮೈಸೂರು ರಾಜ್ಯ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜತೆ ತಂಗಡಿ ಕಡ್ಡಿ ಇಟ್ಟು ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಅದಕ್ಕೂ ಮುಂಚೆ, 1795ರಲ್ಲಿ, ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ‘ವೂಟ್ಸ್’ ಎಂಬ ಉಕ್ಕಿನ ಬಗ್ಗೆ ಪ್ರಬಂಧ ಓದಿದ್ದ. ಆ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂತೆಂದು ಹೇಳುವವರು ಹಲವರು. ಶೆಡ್ಡಿನ ಅಣ್ಣನಿಗೆ ಇದನ್ನು ಹೇಳಿದೆ. ‘ನಮ್ಮದರಲ್ಲಿ ಉರುಕ್ಕು’ ಎಂದು ಟೀ ಹೀರಿದರು. ಕಾವೇರಿ ವಿವಾದದಷ್ಟು ಬೆಳೆಯಲಿಲ್ಲ.

ಹೋದ ವಾರ ಲಾರಿಯ ಲೀಫ್ ಸ್ಪ್ರಿಂಗ್ ತುಂಡೊಂದನ್ನು ಗ್ಯಾಸ್ ಒಲೆಯಲ್ಲಿ ಕಾಸಿ ಒತ್ತಿದೆವು. ಹತ್ತು ಮಿ.ಮೀ. ದಪ್ಪದ್ದು ಮೂರು ಕಾವಿಗೆ ಐದಾಯಿತು. ಅಲಗಿನ ಇಳಿಜಾರು, ಮೂತಿಯ ಬಾಗು ಇವೆಲ್ಲ ಪ್ರೆಸ್ಸಿನಿಂದ ಆಗುವ ಕೆಲಸವಲ್ಲ. ಅವು ಸಣ್ಣ ಸುತ್ತಿಗೆಯವೇ, ದೊಡ್ಡಪ್ಪನವೇ. ಅದಕ್ಕೆ ಕೈ ಕಿವಿಯವರೆಗೆ ಎತ್ತಿದರೆ ಸಾಕು. ಹದ ಹಾಕುವುದಂತೂ ಅವರ ಕಣ್ಣಿನ ಲೆಕ್ಕ.

ವಿಡಿಯೋ ಕಳಿಸಿದೆ. ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಫೋನು.

‘ಒತ್ತಿರೋವಾಗ ಕರೆಂಟು ಹೋದ್ರೆ?’

ನಿಂತಲ್ಲೇ ನಿಲ್ಲುತ್ತದೆ, ಬಿಸಿ ಕಬ್ಬಿಣವನ್ನು ಕಚ್ಚಿಕೊಂಡೇ. ಡೈಯ ಹದವೂ ಕೆಡಬಹುದು. ಮೇಲೆತ್ತಲು ಪಕ್ಕದಲ್ಲೊಂದು ಸಣ್ಣ ಕೈಪಂಪು ಸೇರಿಸುತ್ತೇವೆ ಎಂದೆ.

‘ಅಂದ್ರೆ ಕೊನೆಗೂ ಕೈಯಲ್ಲೇ’ ಎಂದು ನಕ್ಕರು. ಆಮೇಲೆ, ‘ಆ ಹಿಡಿ ಎಡಗಡೆಗೆ ಇಡ್ಸು ಮಗಾ’ ಎಂದರು. ಈ ಶನಿವಾರದ ಕೆಲಸ ಅದೇ.