ತಣ್ಣೀರು ತಂದ ಬೆಚ್ಚನೆ

ಹಿಮ ಬೀಳುವ ಊರಿನಲ್ಲಿ ಹೊಳೆಯ ತಣ್ಣೀರು ಮನೆಯನ್ನು ಬೆಚ್ಚಗಿಡುತ್ತದೆಂದರೆ ನಂಬುವವರು ವಿರಳ. ಆದರೂ ಸ್ವಿಟ್ಜರ್ಲೆಂಡಿನ ಜೂರಿಕ್ ಪುರಭವನಕ್ಕೆ 1938ರಲ್ಲಿ ಶಾಖ ಒದಗಿದ್ದು ಅದರ ಮಗ್ಗುಲಲ್ಲೇ ಹರಿಯುವ ಲಿಮ್ಮಾಟ್ ನದಿಯಿಂದ. ಕಲ್ಲಿದ್ದಲನ್ನು ಹೊರನಾಡುಗಳಿಂದ ತರಿಸಬೇಕಿದ್ದ ಆ ದೇಶಕ್ಕೆ ಬೆಟ್ಟದ ನೀರಿನಿಂದ ಹುಟ್ಟುವ ವಿದ್ಯುಚ್ಛಕ್ತಿಯೇ ಆಸರೆಯಾಗಿತ್ತು.

ಈ ಸೋಜಿಗವನ್ನು ಸಾಧಿಸಿದ ಉಪಕರಣವೇ ಉಷ್ಣಪಂಪು. ನಮಗೆ ತಣ್ಣಗೆ ತೋರುವ ನೀರಿನಲ್ಲೂ ಗಾಳಿಯಲ್ಲೂ ಉಷ್ಣ ಅಡಗಿದೆ. ಅದಕ್ಕಿಂತಲೂ ತಣ್ಣಗಿರುವ ದ್ರವವೊಂದು ಕೊಳವೆಯಲ್ಲಿ ಹರಿಯುತ್ತ ಆ ಉಷ್ಣವನ್ನು ಹೀರಿ ಆವಿಯಾಗುತ್ತದೆ. ಯಂತ್ರವು ಆವಿಯನ್ನು ಒತ್ತಿ ಕುಗ್ಗಿಸಿದಾಗ ಅದರ ಬಿಸಿ ಏರುತ್ತದೆ. ಆ ಬಿಸಿಯನ್ನು ಮನೆಗೆ ಒಪ್ಪಿಸಿ ಆವಿಯು ಮತ್ತೆ ದ್ರವವಾಗುತ್ತದೆ. ರೆಫ್ರಿಜರೇಟರಿನ ಹಿಂಬದಿ ಬೆಚ್ಚಗಿರುವ ಗುಟ್ಟೂ ಇದೇ.

ವಿದ್ಯುತ್ ಒಲೆಯು ಒಂದು ಯೂನಿಟ್ ನುಂಗಿ ಒಂದು ಯೂನಿಟ್ ಶಾಖವನ್ನಷ್ಟೇ ಕೊಟ್ಟೀತು. ಶಾಖವನ್ನು ಹುಟ್ಟಿಸದೆ ಹೊತ್ತು ತರುವ ಉಷ್ಣಪಂಪು ಹದವಾದ ಚಳಿಯಲ್ಲಿ ಸುಮಾರು ಮೂರು ಯೂನಿಟ್ ಕೊಡುತ್ತದೆ. ಆದರೆ ಹೊರಗಿನ ಚಳಿ ಹೆಚ್ಚಿದಷ್ಟೂ ಈ ಲಾಭ ಇಳಿಯುತ್ತದೆ. ಶಾಖ ಅತಿ ಅಗತ್ಯವಾದ ಇರುಳಲ್ಲೇ ಯಂತ್ರಕ್ಕೆ ಏದುಸಿರು! ಹಾಗೆಂದು ಅದು ಸೋತು ಕೂರುವುದಿಲ್ಲ. ಕಡುಚಳಿಯ ನಾರ್ವೆಯಲ್ಲಿ ಇಂದು ಅರ್ಧಕ್ಕೂ ಹೆಚ್ಚು ಮನೆಗಳು ಇದನ್ನು ನೆಚ್ಚಿವೆ. ವಿಪರೀತ ಚಳಿಯ ದಿನಗಳಿಗೆಂದು ಹಲವರು ಸೌದೆಯ ಒಲೆಯನ್ನೂ ಉಳಿಸಿಕೊಂಡಿದ್ದಾರೆ.

ಚಳಿನಾಡಿನ ಗೃಹಸ್ಥನು ಯಂತ್ರ ಕೊಳ್ಳುವ ಮುನ್ನ ಗೋಡೆ, ಮಾಡು, ಕಿಟಕಿಗಳನ್ನು ಭದ್ರಪಡಿಸುವುದು ಜಾಣತನ. ಶಾಖ ಸೋರುವ ಮನೆಗೆ ಉಷ್ಣಪಂಪು ತರುವುದೆಂದರೆ ತೂತು ಕೊಡಕ್ಕೆ ನೀರು ಸೇದಿದಂತೆಯೇ ಸರಿ.